ಬಚ್ಚಲೊಲೆಯ ಹೊಗೆ ಪೈಪಿನೊಳಗೆ ಬೆಂಕಿ ಹತ್ತಿತು, ಇನ್ನು ಒಲೆ ಉರಿಸಬಹುದಾ?

ತೋಟದಮನೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಳೇ ಹಂಚಿನ ಮನೆ. ಬಚ್ಚಲಲ್ಲಿ ದೊಡ್ಡ ಹಂಡೆ, ಕೆಳಗೆ ಕಟ್ಟಿಗೆ ಒಲೆ. ಹೊಗೆ ಹೋಗಲಿಕ್ಕೆ ಸಿಮೆಂಟ್ ಪೈಪು ಇದೆ, ಅದು ಮಾಡಿನ ಹಂಚಿನ ಎಡೆಯಿಂದ ಮೇಲೆ ಹೋಗುತ್ತದೆ. ಮೊನ್ನೆ ಸಂಜೆ ಮಾವ ಸ್ನಾನಕ್ಕೆ ನೀರು ಕಾಯಿಸಲು ಒಣ ಮಡಲು (ತೆಂಗಿನ ಗರಿ), ಗೆರಟೆ (ತೆಂಗಿನ ಚಿಪ್ಪು) ಎಲ್ಲ ಒಟ್ಟಿಗೆ ತುಂಬಿಸಿ ಉರಿ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಪೈಪಿನೊಳಗಿಂದ ಲಾರಿ ಏರು ಹತ್ತುವಾಗ ಬರುವಂಥ ಸದ್ದು. ಅಂಗಳಕ್ಕೆ ಬಂದು ನೋಡಿದರೆ ಪೈಪಿನ ತುದಿಯಲ್ಲಿ ಬೆಂಕಿಯ ನಾಲಗೆ ಏಳುತ್ತಿದೆ, ಕಿಡಿಗಳು ಹಂಚಿನ ಮೇಲೆ ಉದುರುತ್ತಿವೆ. ಮಳೆ ಬಂದು ಮಾಡು ಒದ್ದೆ ಇದ್ದದ್ದರಿಂದ ಬೇರೆಲ್ಲಿಗೂ ಹರಡಲಿಲ್ಲ. ಒಲೆಯ ಕಟ್ಟಿಗೆ ಎಳೆದು ಹೊರಗೆ ಹಾಕಿದೆವು, ಆಮೇಲೆ ಅದು ತಾನಾಗಿಯೇ ಆರಿತು.

ಈಗ ಪಕ್ಕದ ಮನೆಯವರು ಹೇಳುವುದು, "ಒಳ್ಳೆಯದೇ ಆಯಿತು, ಒಳಗಿನ ಮಸಿಯೆಲ್ಲ ಸುಟ್ಟುಹೋಯಿತು, ಪೈಪು ಕ್ಲೀನ್ ಆಯಿತು" ಅಂತ. ಮಾವನಿಗೂ ಅದು ಸರಿ ಅನ್ನಿಸಿದೆ. ನನಗೆ ಮಾತ್ರ ಸಮಾಧಾನ ಇಲ್ಲ. ಪೈಪು ಹೋಗುವ ಜಾಗದಿಂದ ಮಾಡಿನ ಮರದ ಪಕ್ಕಾಸಿಗೆ ಒಂದು ಗೇಣು ಅಂತರ ಕೂಡ ಇಲ್ಲ, ಅಟ್ಟದಲ್ಲಿ ಅಡಿಕೆ ಗೋಣಿಗಳಿವೆ, ಮನೆಯಲ್ಲಿ ಸಣ್ಣ ಮಕ್ಕಳು ಬೇರೆ. ಮಳೆಗಾಲ ಪೂರ್ತಿ ಈ ಒಲೆಯೇ ನಮಗೆ ಗತಿ. ಈ ಪೈಪನ್ನೇ ಮತ್ತೆ ಬಳಸಬಹುದಾ? ಮಸಿ ತೆಗೆಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಒಲೆಮೇಸ್ತ್ರಿ, ಪೈವಳಿಕೆ

ಅಕ್ಕ, ಮೊದಲು ಒಂದು ಮಾತು. ಆ ಒಲೆಗೆ ಸದ್ಯಕ್ಕೆ ಬೆಂಕಿ ಹಾಕಬೇಡಿ. ಮಾವನವರಿಗೆ ನಾಲ್ಕು ದಿನ ಗ್ಯಾಸಿನಲ್ಲೇ ನೀರು ಕಾಯಿಸಿ ಕೊಡಿ, ತೊಂದರೆಯಿಲ್ಲ.

ಪೈಪಿನೊಳಗೆ ಉರಿದದ್ದು ಬರೀ ಮಸಿ ಅಲ್ಲ. ಹಸಿ ಕಟ್ಟಿಗೆಯ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ, ಅರೆ ಸುಟ್ಟ ಎಣ್ಣೆಯಂಥ ಅಂಶವೂ ಇರುತ್ತದೆ. ಮೇಲೆ ಹೋಗುತ್ತಾ ಪೈಪು ತಣ್ಣಗಿದ್ದ ಕಡೆ ಅದು ಗೋಡೆಗೆ ಅಂಟುತ್ತದೆ. ಮೊದಲು ಹುಡಿ ಮಸಿ, ಆಮೇಲೆ ಚಕ್ಕೆ ಚಕ್ಕೆಯಾಗಿ ಏಳುವ ಮಸಿ, ಕೊನೆಗೆ ಡಾಂಬರು ಬಳಿದ ಹಾಗೆ ಹೊಳೆಯುವ ಗಟ್ಟಿ ಪದರ. ಈ ಡಾಂಬರು ಜಾತಿಯದ್ದೇ ಅಪಾಯ. ಒಂದು ದಿನ ಯಾರಾದರೂ ಜೋರು ಉರಿ ಹಾಕಿದರೆ ಅದಕ್ಕೆ ಕಿಡಿ ಹತ್ತುತ್ತದೆ. ಹತ್ತಿದ ಮೇಲೆ ಒಳಗಿನ ಬಿಸಿ 1000 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಸಿಮೆಂಟ್ ಪೈಪು ಅಷ್ಟು ಬಿಸಿಗೆ ಮಾಡಿದ್ದಲ್ಲ. ಹೊರಗಿಂದ ನೋಡಲಿಕ್ಕೆ ಸರಿ ಇದ್ದರೂ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಮುಂದಿನ ಸಲ ಬೆಂಕಿ ಹತ್ತಿದರೆ ಆ ಬಿರುಕಿನಿಂದ ಜ್ವಾಲೆ ಸೀದಾ ಅಟ್ಟಕ್ಕೆ ಬರುತ್ತದೆ. ಅದಕ್ಕೇ ಹೇಳಿದ್ದು.

ನೋಡುವ ಕ್ರಮ ಹೇಳುತ್ತೇನೆ. ಒಲೆ ಪೂರ್ತಿ ತಣಿದ ಮೇಲೆ, ಮಧ್ಯಾಹ್ನ ಒಳ್ಳೆ ಬೆಳಕು ಇರುವಾಗ, ಪೈಪಿನ ಬುಡದಲ್ಲಿ ಮಸಿ ತೆಗೆಯುವ ಬಾಯಿ ಇದ್ದರೆ ಅಲ್ಲಿ ಕನ್ನಡಿ ಹಿಡಿದು ಟಾರ್ಚ್ ಬಿಡಿ. ಮೇಲಿನ ಆಕಾಶ ದುಂಡಗೆ ಕಾಣಬೇಕು. ದುಂಡು ಸಣ್ಣದಾಗಿ, ಅಡ್ಡಾದಿಡ್ಡಿಯಾಗಿ ಕಂಡರೆ ಮಸಿ ಕಟ್ಟಿದೆ ಅಂತ ಲೆಕ್ಕ. ಒಳಗೆ ಹಗುರವಾದ, ತೂತು ತೂತಾಗಿ ಉಬ್ಬಿದ ಕರಿ ಸಿಕ್ಕಿದರೆ ಅದು ಬೆಂಕಿ ಹತ್ತಿದ್ದರ ಗುರುತು. ಅದು ಪೂರ್ತಿ ಸುಟ್ಟು ಹೋಗಿರುವುದಿಲ್ಲ, ಪುನಃ ಹತ್ತಿಕೊಳ್ಳುತ್ತದೆ. ಹಾಗೆಯೇ ಅಟ್ಟಕ್ಕೆ ಹತ್ತಿ ಪೈಪಿನ ಸುತ್ತ ಪಕ್ಕಾಸು, ಹಂಚಿನ ಕೆಳಗಿನ ರೀಪು ಪಟ್ಟಿ ಕೈಯಿಂದ ಮುಟ್ಟಿ ನೋಡಿ. ಕಪ್ಪಾಗಿದೆಯಾ, ಉಗುರಿಂದ ಕೆರೆದರೆ ಹುಡಿ ಉದುರುತ್ತದಾ?

ಪಕ್ಕಾಸಿಗೆ ಒಂದು ಗೇಣು ಸಾಲುವುದೇ ಇಲ್ಲ. ಒಂದೇ ಪದರದ ತಗಡಿನ ಪೈಪಾದರೆ ಮರದಿಂದ 45 ಸೆಂಟಿಮೀಟರ್ ದೂರ ಇಡಬೇಕು ಅನ್ನುವುದು ಕಟ್ಟಿಗೆ ಒಲೆಯ ಕೆಲಸದಲ್ಲಿ ಎಲ್ಲ ಕಡೆ ಒಪ್ಪಿದ ಅಳತೆ. ಮರ ವರ್ಷಗಟ್ಟಲೆ ಬಿಸಿ ತಾಗಿ ತಾಗಿ ಒಳಗೇ ಇದ್ದಿಲಿನ ಹಾಗಾಗುತ್ತದೆ. ಆಮೇಲೆ ಮೊದಲಿಗಿಂತ ಕಡಿಮೆ ಬಿಸಿಗೂ ಹತ್ತಿಕೊಳ್ಳುತ್ತದೆ. ಅಡ್ಡ ಬರುವ ಪಕ್ಕಾಸನ್ನು ಬಡಗಿ ಹತ್ತಿರ ಕತ್ತರಿಸಿಸಿ, ಸುತ್ತ ಅಡ್ಡ ತುಂಡು ಕೂರಿಸಿ ಜಾಗ ಬಿಡಿಸಿ. ಆ ಎಡೆಯಲ್ಲಿ ತೆಂಗಿನ ನಾರೋ ಗೋಣಿಯೋ ತುರುಕಿ ಮಳೆ ನಿಲ್ಲಿಸುವ ಕ್ರಮ ನಮ್ಮ ಕಡೆ ಉಂಟು. ಅದನ್ನು ಮಾತ್ರ ಯಾವತ್ತೂ ಮಾಡಬೇಡಿ. ತಗಡಿನ ಕಾಲರ್ ಹಾಕಿದರೆ ಮಳೆ ನೀರು ಬರುವುದಿಲ್ಲ.

ಗೇರುಗುಡ್ಡೆ, ಪೆರ್ಲ

ಮೇಸ್ತ್ರಿಯವರು ಹೇಳಿದ್ದು ಸರಿ. ಆದರೆ ಪೈಪು ಬದಲಾಯಿಸಿ ಮೊದಲಿನ ಹಾಗೆಯೇ ಉರಿಸಿದರೆ ಮುಂದಿನ ಆಟಿ ತಿಂಗಳ ಮಳೆ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಮೂಲ ಇರುವುದು ಕಟ್ಟಿಗೆಯಲ್ಲಿ.

ಆಗ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಒಲೆಗೆ ಹಾಕಿದರೆ ಬೆಂಕಿಯ ಶಕ್ತಿ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಉರಿ ಏಳುವುದಿಲ್ಲ, ಹೊಗೆ ಮಾತ್ರ. ಕಟ್ಟಿಗೆಯ ತೇವ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಸರಿಯಾಗಿ ಉರಿಯುತ್ತದೆ. ಅದಕ್ಕೆ ಸೀಳಿ, ನೆಲ ಮುಟ್ಟದ ಹಾಗೆ ಒಟ್ಟಿ, ಗಾಳಿ ಆಡುವಲ್ಲಿ ಐದಾರು ತಿಂಗಳು ಇಡಬೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಮಳೆ ಶುರುವಾದ ಮೇಲೆ ಒಣಗಿಸುತ್ತೇನೆ ಅಂದರೆ ಆಗುವ ಮಾತಲ್ಲ. ಡಿಸೆಂಬರ್‌ನಲ್ಲಿ ಕಡಿದು ಸೀಳಿಟ್ಟರೆ ಪತ್ತನಾಜೆ, ಅಂದರೆ ಮೇ ಕೊನೆಯ ಹೊತ್ತಿಗೆ ಕೊಟ್ಟಿಗೆಗೆ ಹಾಕಲು ತಯಾರು. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ, ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಕೈಯಲ್ಲಿ ಎದ್ದು ಬರಬೇಕು.

ಕೆಲವರು ಒದ್ದೆ ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲೋ ಒಲೆಯ ಬಾಯಿಗೆ ತಾಗಿಸಿಯೋ ಒಣಗಿಸುತ್ತಾರೆ. ರಾತ್ರಿ ಒಂದು ಕೆಂಡ ಉರುಳಿದರೆ ಸಾಕು. ಒಲೆಯಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ.

ಇನ್ನೊಂದು, ನಮ್ಮ ಊರಿಗೆ ಸಂಬಂಧಪಟ್ಟದ್ದು. ಗೇರುಬೀಜದ ಫ್ಯಾಕ್ಟರಿಯಿಂದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಬಚ್ಚಲೊಲೆಗೆ ಹಾಕುವವರು ಇದ್ದಾರೆ. ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಕಾಲುಭಾಗ ಎಣ್ಣೆ. ಗೇರುಬೀಜ ಸುಡುವಾಗ ಸೊನೆ ತಾಗಿ ಕೈ ಸುಟ್ಟದ್ದು ನಮಗೆಲ್ಲ ಗೊತ್ತಲ್ವಾ, ಅದೇ ಎಣ್ಣೆ. ಉರಿ ಭರ್ಜರಿ ಬರುತ್ತದೆ ನಿಜ, ಆದರೆ ಹೊಗೆ ದಟ್ಟ ಕಪ್ಪು, ಪೈಪಿಗೆ ಜಿಡ್ಡಾಗಿ ಹಿಡಿಯುತ್ತದೆ. ಮನೆ ಒಲೆಗೆ ಬೇಡವೇ ಬೇಡ. ಗೆರಟೆ ಪರವಾಗಿಲ್ಲ, ಆದರೆ ಅದರ ಬಿಸಿಯೂ ಜೋರು, ಒಂದೇ ಸಲ ತುಂಬಿಸಬಾರದು. ಎರಡು ಮೂರು ಹಾಕಿ, ಉರಿದ ಮೇಲೆ ಮತ್ತೆ ಹಾಕಿ. ಪ್ಲಾಸ್ಟಿಕ್ ತೊಟ್ಟೆ, ಹಾಲಿನ ಪ್ಯಾಕೆಟ್ ಒಲೆಗೆ ಹಾಕುವವರು ಇನ್ನೂ ಇದ್ದಾರೆ. ಅದರ ಹೊಗೆಯನ್ನು ಮಕ್ಕಳೇ ಕುಡಿಯುವುದು ಅಂತ ಗೊತ್ತಿರಲಿ.

ಹಳೆಮನೆ, ಕುಂಬಳೆ

ನಮ್ಮ ಅಜ್ಜನ ಕಾಲದಿಂದ ವರ್ಷಕ್ಕೊಮ್ಮೆ ಮಡಲು ತುಂಬಿಸಿ ಜೋರು ಬೆಂಕಿ ಹಾಕಿ ಮಸಿ ಸುಡುವ ಕ್ರಮ ಇದೆ ಮಾರಾಯ್ರೇ. ಏನೂ ಆಗಲಿಲ್ಲ. ಒಲೆಗೆ ಒಂದು ಮುಷ್ಟಿ ಉಪ್ಪು ಹಾಕಿದರೆ ಮಸಿ ಬಿಡುತ್ತದೆ ಅಂತಲೂ ಹೇಳುತ್ತಾರೆ. ಸುಮ್ನೆ ಪೈಪು ಬದಲಾಯಿಸುವ ಖರ್ಚು ಯಾಕೆ?

ಒಲೆಮೇಸ್ತ್ರಿ, ಪೈವಳಿಕೆ

ಅಣ್ಣ, ಅಜ್ಜನ ಕಾಲದಲ್ಲಿ ಬಚ್ಚಲು ಕೊಟ್ಟಿಗೆ ಮನೆಯಿಂದ ಬೇರೆಯೇ ಇತ್ತು. ಮಣ್ಣಿನ ಗೋಡೆ, ಹೊಗೆ ಹಂಚಿನ ಎಡೆಯಲ್ಲಿ ಹೋಗುತ್ತಿತ್ತು, ಪೈಪೇ ಇರಲಿಲ್ಲ. ಮಸಿ ಮಾಡಿಗೆ ಇಲ್ಲಣವಾಗಿ ಜೋತು ಬೀಳುತ್ತಿತ್ತು, ಗುಡಿಸಿ ತೆಗೆಯುತ್ತಿದ್ದರು. ಈಗ ಕಿರಿದಾದ ಪೈಪಿನಲ್ಲಿ ಬೆಂಕಿ ಹತ್ತಿದರೆ ಕೆಳಗಿನಿಂದ ಗಾಳಿ ಎಳೆದುಕೊಂಡು ಅದು ಇನ್ನೂ ಜೋರಾಗುತ್ತದೆ. ಬೇಕೆಂದು ಬೆಂಕಿ ಹಾಕಿದರೂ ತಪ್ಪಿ ಹತ್ತಿದರೂ ಬಿಸಿ ಒಂದೇ. ಪೈಪು ಬಿರುಕು ಬಿಡುವುದೂ ಒಂದೇ. ಉಪ್ಪಿನಿಂದ ಡಾಂಬರು ಪದರ ಬಿಡುವುದಿಲ್ಲ, ತಗಡಿನ ಪೈಪಾದರೆ ಬೇಗ ತುಕ್ಕು ಹಿಡಿಯುತ್ತದೆ ಅಷ್ಟೇ. ಮಸಿಗೆ ಬ್ರಷ್ ಬಿಟ್ಟರೆ ಬೇರೆ ಮದ್ದಿಲ್ಲ.

ಪಯಸ್ವಿನಿ, ಮುಳ್ಳೇರಿಯ

ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಂಕಿಯ ವಿಷಯ ಎಲ್ಲರೂ ಹೇಳಿದ್ದೀರಿ, ಹೊಗೆಯ ವಿಷಯ ನಾನು ಹೇಳುತ್ತೇನೆ.

ಪೈಪು ಕಟ್ಟಿಕೊಂಡರೆ ಹೊಗೆ ತಿರುಗಿ ಬಚ್ಚಲಿಗೇ ಬರುತ್ತದೆ. ಕಣ್ಣು ಉರಿಯುವ ಹೊಗೆ ಬಂದರೆ ನಾವು ಹೊರಗೆ ಬರುತ್ತೇವೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉರಿ ಆರಿ ಕೆಂಡ ಮಾತ್ರ ಇರುವಾಗ ಹೊಗೆ ಕಾಣುವುದಿಲ್ಲ, ಆದರೆ ಈ ಅನಿಲ ಬರುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆ ತಿರುಗುವುದು, ವಾಂತಿ ಬರುವ ಹಾಗೆ ಆಗುವುದು. ಸ್ನಾನಕ್ಕೆ ಹೋದವರಿಗೆ ಹೀಗೆ ಆಯಿತು ಅಂದರೆ ಪಿತ್ತ ಅಂತ ಮಲಗಿಸಬೇಡಿ. ಬಾಗಿಲು ತೆರೆದು ಹೊರಗೆ ಗಾಳಿಗೆ ಕರೆದುಕೊಂಡು ಬನ್ನಿ, ಕೂಡಲೇ ಆಸ್ಪತ್ರೆಗೆ ಹೋಗಿ. ಒಲೆ ಇರುವ ಬಚ್ಚಲಿಗೆ ಮುಚ್ಚಲಿಕ್ಕಾಗದ ಒಂದು ಕಂಡಿ ಇರಲೇಬೇಕು. ಮಳೆಯ ಇರಚಲು ಬರುತ್ತದೆ ಅಂತ ಟರ್ಪಾಲು ಕಟ್ಟಿ ಪೂರ್ತಿ ಮುಚ್ಚುವುದು ತಪ್ಪು. ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇಟ್ಟವರಿಗೂ ಇದೇ ಮಾತು.

ಮಸಿ ತೆಗೆಯುವವರು ಮಾಸ್ಕ್ ಹಾಕಿ, ಮೈ ಪೂರ್ತಿ ಮುಚ್ಚಿಕೊಳ್ಳಿ, ಆಮೇಲೆ ಸೋಪು ಹಾಕಿ ಸ್ನಾನ ಮಾಡಿ. ಲಂಡನ್ನಿನ ಪರ್ಸಿವಲ್ ಪಾಟ್ ಅನ್ನುವ ಸರ್ಜನ್ 1775ರಲ್ಲೇ ಚಿಮಣಿ ಗುಡಿಸುವವರಿಗೆ ಮಸಿಯಿಂದ ಚರ್ಮದ ಕ್ಯಾನ್ಸರ್ ಬರುವುದನ್ನು ಬರೆದಿದ್ದಾರೆ. ಸಣ್ಣ ಹುಡುಗರನ್ನು ಪೈಪಿನೊಳಗೆ ಹತ್ತಿಸುತ್ತಿದ್ದ ಕಾಲ ಅದು. ಮಸಿ ಸಾಧಾರಣ ಧೂಳಲ್ಲ.

ತೋಟದಮನೆ, ಬದಿಯಡ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಮೇಸ್ತ್ರಿ ಅಣ್ಣ ಹೇಳಿದ ಹಾಗೆ ಕನ್ನಡಿ ಹಿಡಿದು ನೋಡಿದೆವು. ಕೆಳಗಿನ ಭಾಗದಲ್ಲಿ ಹಗುರ ಕರಿ ಉಂಟು, ಮುಟ್ಟಿದರೆ ಪುಡಿಯಾಗುತ್ತದೆ. ಮೇಲಿನ ಅರ್ಧ ಇನ್ನೂ ಹೊಳೆಯುವ ಕಪ್ಪು. ಅಟ್ಟದ ಹತ್ತಿರ ಪೈಪಿಗೆ ಉದ್ದಕ್ಕೆ ಒಂದು ಬಿರುಕು ಕಾಣುತ್ತಿದೆ, ಅದರ ಎದುರಿನ ರೀಪು ಕರಿಯಾಗಿದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಮಾವನೇ ಪೈಪು ತೆಗೆಸಲು ಹೇಳಿದರು. ಅಡಿಕೆ ಗೋಣಿಗಳನ್ನು ಆಚೆ ಕೋಣೆಗೆ ಹಾಕಿದ್ದೇವೆ.

ಹೊಸದು ಯಾವ ಪೈಪು ಹಾಕಲಿ? ಹಳೇ ಸಿಮೆಂಟ್ ಪೈಪನ್ನು ನಾವೇ ಕತ್ತರಿಸಿ ತೆಗೆಯಬಹುದಾ? ಮತ್ತೆ ಅಡುಗೆಮನೆಯಲ್ಲಿ ಕೂಡ ಕರೆಂಟಿನ ಚಿಮಣಿ ಇದೆ, ಅದಕ್ಕೂ ಹೀಗೆ ಬೆಂಕಿ ಹತ್ತುತ್ತದಾ?

ಒಲೆಮೇಸ್ತ್ರಿ, ಪೈವಳಿಕೆ

ಕತ್ತರಿಸಬೇಡಿ. ಹಳೇ ಸಿಮೆಂಟ್ ಪೈಪುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಸ್ ಇರುತ್ತದೆ. ಗರಗಸ, ಗ್ರೈಂಡರ್ ಹಾಕಿದರೆ ಅದರ ಹುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ, ಜೋಡಣೆಯಲ್ಲಿ ಬಿಚ್ಚಿ ಇಡೀ ತುಂಡಾಗಿಯೇ ಇಳಿಸಿ. ಒಡೆದು ತೋಟಕ್ಕೆ ಹಾಕಬೇಡಿ.

ಹೊಸದಕ್ಕೆ ಸ್ಟೀಲ್ ಪೈಪು ಒಳ್ಳೆಯದು. ಸತು ಲೇಪದ ಜಿಐ ತಗಡು ಅಗ್ಗ, ಆದರೆ ನಮ್ಮ ಕರಾವಳಿಯ ಹವೆಗೆ ಬೇಗ ತೂತಾಗುತ್ತದೆ. ಆದಷ್ಟು ನೇರ ಹಾಕಿಸಿ. ಬೆಂಡ್ ಇದ್ದಲ್ಲೇ ಮಸಿ ಕೂರುವುದು. ಮಾಡಿನಿಂದ ಹೊರಗೆ ಬಂದ ಜಾಗಕ್ಕಿಂತ 90 ಸೆಂಟಿಮೀಟರ್ ಎತ್ತರ ಇರಲಿ, 3 ಮೀಟರ್ ಒಳಗೆ ಮಾಡಿನ ಯಾವ ಭಾಗ ಇದ್ದರೂ ಅದಕ್ಕಿಂತ 60 ಸೆಂಟಿಮೀಟರ್ ಮೇಲೆ. ಇಲ್ಲದಿದ್ದರೆ ಗಾಳಿ ಹೊಗೆಯನ್ನು ಕೆಳಗೆ ನೂಕುತ್ತದೆ. ತುದಿಗೆ ಟೋಪಿ, ಬುಡಕ್ಕೆ ಮಸಿ ತೆಗೆಯುವ ಮುಚ್ಚಳ, ಈ ಎರಡು ಇರಲೇಬೇಕು. ಒಲೆಯನ್ನೂ ತಿದ್ದುವುದಾದರೆ ಅಸ್ತ್ರ ಒಲೆಯ ಕ್ರಮ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ್ದು. ಕಟ್ಟಿಗೆ ಕಬ್ಬಿಣದ ಜಾಲರಿ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಸಿಗುತ್ತದೆ. ಚೆನ್ನಾಗಿ ಉರಿದರೆ ಮಸಿಯೇ ಕಡಿಮೆ.

ಮಸಿ ತೆಗೆಯುವುದು ವರ್ಷಕ್ಕೆ ಎರಡು ಸಲ ಮಾಡಿ, ಮಳೆಗೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ. ನಡುವೆ ನೋಡುವಾಗ ಪದರ 3 ಮಿಲಿಮೀಟರ್ ದಪ್ಪ ಆಗಿದ್ದರೆ ಕಾಯಬೇಡಿ. ಪೈಪಿನಷ್ಟೇ ಅಗಲದ ಬ್ರಷ್ ಬೇಕು. ಹಗ್ಗದ ನಡುವೆ ಬ್ರಷ್ ಕಟ್ಟಿ, ಕೆಳ ತುದಿಗೆ ಭಾರ ಕಟ್ಟಿ ಮೇಲಿನಿಂದ ಇಳಿಸಿ, ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು ಎಳೆದಾಡಬೇಕು. ಒಲೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಇಲ್ಲದಿದ್ದರೆ ಬಚ್ಚಲೆಲ್ಲ ಕರಿ. ಹಿಡಿಸೂಡಿ ಕೋಲಿಗೆ ಕಟ್ಟಿ ತಿರುಗಿಸಿದರೆ ಹುಡಿ ಮಸಿ ಬರುತ್ತದೆ, ಚಕ್ಕೆ ಬರುವುದಿಲ್ಲ. ಮಳೆಯಲ್ಲಿ ಪಾಚಿ ಹಿಡಿದ ಹಂಚಿನ ಮೇಲೆ ಮಾತ್ರ ಹತ್ತಬೇಡಿ.

ಅಗ್ನಿಶಾಮಕ ನಿವೃತ್ತ, ಉಪ್ಪಳ

ಪೈಪಿಗೆ ಬೆಂಕಿ ಹತ್ತಿದ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನು ಬರೆಯುತ್ತೇನೆ. ಮೊದಲು ಮಕ್ಕಳು, ವಯಸ್ಸಾದವರು ಹೊರಗೆ. ಎರಡನೆಯದು 101ಕ್ಕೆ ಅಥವಾ 112ಕ್ಕೆ ಫೋನ್. ಆರಿದ ಮೇಲೆ ಫೋನ್ ಮಾಡುವ, ಎಂತಕ್ಕೆ ಸುಮ್ಮನೆ ತೊಂದರೆ ಕೊಡುವುದು ಅಂತ ಕಾಯುತ್ತಾರೆ, ಅದರಲ್ಲೇ ಸಮಯ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಉಪ್ಪಳ, ಕಾಸರಗೋಡು, ಕುತ್ತಿಕ್ಕೋಲು ಹೀಗೆ ಕೆಲವೇ ಕಡೆ ಠಾಣೆ ಇರುವುದು. ಎಣ್ಮಕಜೆ, ಬೆಳ್ಳೂರು ಕಡೆಯ ಗುಡ್ಡದ ಬುಡದ ಮನೆಗೆ ವಾಹನ ಬರಲು ಹೊತ್ತು ಬೇಕು. ಪಂಚಾಯತು, ವಾರ್ಡು, ಹತ್ತಿರದ ಶಾಲೆ ಅಥವಾ ದೇವಸ್ಥಾನ ಹೇಳಿ. ದೊಡ್ಡ ಗಾಡಿ ಅಂಗಳಕ್ಕೆ ಬರುತ್ತದಾ, ಎಲ್ಲಿವರೆಗೆ ಬರುತ್ತದೆ ಅಂತಲೂ ಹೇಳಿ. ಒಬ್ಬರು ಟಾರ್ಚ್ ಹಿಡಿದು ಮಾರ್ಗದ ಬದಿಯಲ್ಲಿ ನಿಲ್ಲಲಿ.

ಆಮೇಲೆ ಒಲೆಯ ಬಾಯಿ ಮುಚ್ಚಿ. ಕಟ್ಟಿಗೆ ಎಳೆಯುವ ಹಾಗಿದ್ದರೆ ಎಳೆದು ಮಣ್ಣಿನ ನೆಲಕ್ಕೆ ಹಾಕಿ ನೀರು ಹೊಯ್ಯಿರಿ, ನಂತರ ತಗಡೋ ಒದ್ದೆ ಗೋಣಿಯೋ ಇಟ್ಟು ಗಾಳಿ ನಿಲ್ಲಿಸಿ. ಗಾಳಿ ಇಲ್ಲದಿದ್ದರೆ ಒಳಗಿನ ಬೆಂಕಿ ಸೋಲುತ್ತದೆ. ಉರಿಯುವ ಪೈಪಿನೊಳಗೆ ನೀರು ಹೊಯ್ಯಬಾರದು. ಕಾದ ಪೈಪು ಸಿಡಿಯುತ್ತದೆ, ಬಿಸಿ ಆವಿ ಕೆಳಗಿದ್ದವರ ಮೈಮೇಲೆ ಬರುತ್ತದೆ. ತೋಟಕ್ಕೆ ನೀರು ಬಿಡುವ ಪಂಪು, ಹೋಸು ಇದ್ದರೆ ಅಂಗಳದಿಂದಲೇ ಮಾಡಿಗೆ, ಪಕ್ಕದ ಕಟ್ಟಿಗೆ ಕೊಟ್ಟಿಗೆಗೆ ನೀರು ಬಿಡಿ. ಬೆಂಕಿ ಆರಿತು ಅಂತ ಮಲಗಬೇಡಿ. ಪಕ್ಕಾಸಿನೊಳಗೆ ಕೆಂಡ ಕೂತು ಗಂಟೆಗಟ್ಟಲೆ ಕಳೆದು ಎದ್ದದ್ದು ಉಂಟು. ಅಟ್ಟಕ್ಕೆ ಆಗಾಗ ಕೈಯಿಟ್ಟು ಬಿಸಿ ನೋಡುತ್ತಿರಿ.

ಉಪ್ಪೇರಿ ಅಕ್ಕ, ಕಾಸರಗೋಡು

ಅಡುಗೆಮನೆ ಚಿಮಣಿಯ ಬಗ್ಗೆ ನಾನು ಹೇಳುತ್ತೇನೆ ತಂಗಿ, ಬಾಳೆಕಾಯಿ ಉಪ್ಪೇರಿ, ಹಪ್ಪಳ ಕರಿದು ಮಾರುವ ಕೆಲಸ ನಮ್ಮದು. ಹತ್ತುತ್ತದೆ. ಅಲ್ಲಿ ಡಾಂಬರಿನ ಬದಲು ಎಣ್ಣೆ ಜಿಡ್ಡು, ಅಷ್ಟೇ ವ್ಯತ್ಯಾಸ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಚಿಮಣಿಯ ಎಣ್ಣೆ ಬಟ್ಟಲು ತೆಗೆದು ನೋಡಿ, ಹಳದಿ ಮಿಶ್ರ ಬಿಳಿ ಗಟ್ಟಿ ಕೂತಿರುತ್ತದೆ. ಅಷ್ಟೇ ಎಣ್ಣೆ ಫಿಲ್ಟರಿನ ಎಡೆಯಲ್ಲೂ ಇರುತ್ತದೆ. ದಿನಾ ಕರಿಯುವ ಮನೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ. ಆಟೋ ಕ್ಲೀನ್ ಅಂತ ಬರೆದಿದ್ದರೂ ಹೊರಗೆ ಹೋಗುವ ಪೈಪಿನ ಜಿಡ್ಡು ಅದರಿಂದ ಹೋಗುವುದಿಲ್ಲ. ಆ ಪೈಪು ಪ್ಲಾಸ್ಟಿಕ್ಕಿನದ್ದಾದರೆ ಅಲ್ಯೂಮಿನಿಯಂಗೆ ಬದಲಾಯಿಸಿ. ಗ್ಯಾಸ್ ಒಲೆಗೂ ಚಿಮಣಿಗೂ 65ರಿಂದ 75 ಸೆಂಟಿಮೀಟರ್ ಅಂತರ ಇರಲಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಬಂದ್ ಮಾಡಿ, ಚಿಮಣಿಯನ್ನೂ ಬಂದ್ ಮಾಡಿ, ಇಲ್ಲದಿದ್ದರೆ ಅದು ಜ್ವಾಲೆಯನ್ನು ಮೇಲಕ್ಕೆ ಎಳೆಯುತ್ತದೆ. ದೊಡ್ಡ ಮುಚ್ಚಳ ಬದಿಯಿಂದ ಜಾರಿಸಿ ಮುಚ್ಚಿ, ತಣಿಯುವವರೆಗೆ ತೆರೆಯಬೇಡಿ. ನೀರು ಒಂದು ಲೋಟ ಕೂಡ ಹಾಕಬಾರದು. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಬಾಣಲೆ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ನಾನು ಕರಿಯುವಾಗ ಮುಚ್ಚಳ ಯಾವಾಗಲೂ ಬಲಗೈ ಪಕ್ಕದಲ್ಲೇ ಇರುತ್ತದೆ, ಫೋನ್ ಬಂದರೆ ಒಲೆ ಆರಿಸಿಯೇ ಎತ್ತುವುದು.

ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಆನ್ ಆಫ್ ಎರಡೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಪಕ್ಕದ ಬಚ್ಚಲೊಲೆಯವರೆಗೂ ಹೋಗಬಹುದು. ಕಿತ್ತಳೆ ಬಣ್ಣದ ಟ್ಯೂಬ್ ಮೇಲೆ ತಾರೀಕು ಇರುತ್ತದೆ, 5 ವರ್ಷಕ್ಕೆ ಬದಲಾಯಿಸಿ.

ತೋಟದಮನೆ, ಬದಿಯಡ್ಕ

ಬಡಗಿಗೂ ಸ್ಟೀಲ್ ಪೈಪಿಗೂ ಹೇಳಿ ಆಯಿತು. ನಮ್ಮ ಬಡಗಿಗೆ 45 ಸೆಂಟಿಮೀಟರ್ ಜಾಸ್ತಿ ಅನ್ನಿಸಿತು, ಮಾವನೇ ಪಟ್ಟಿ ಹಿಡಿದು ಅಳೆದು ಗುರುತು ಹಾಕಿಸಿದರು. ಕೊನೆಗೊಂದು, ಪೈಪಿನಿಂದ ಬಂದ ಮಸಿಯನ್ನು ಬೂದಿಯ ಜೊತೆ ತೆಂಗಿನ ಬುಡಕ್ಕೆ ಹಾಕಬಹುದಾ?

ಗೇರುಗುಡ್ಡೆ, ಪೆರ್ಲ

ಮಸಿ ಬೇಡ ತಂಗಿ, ಅದರಲ್ಲಿ ಡಾಂಬರು ಅಂಶ ಇದೆ, ಗುಂಡಿ ತೆಗೆದು ಮುಚ್ಚಿ. ಬರೀ ಕಟ್ಟಿಗೆ ಬೂದಿ ಧಾರಾಳ ಹಾಕಿ, ಪೊಟ್ಯಾಷ್ ಇರುತ್ತದೆ. ಆದರೆ ಒಲೆಯಿಂದ ತೆಗೆದ ಬೂದಿಯೊಳಗೆ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟಿಗೋ ಬೈಹುಲ್ಲಿನ ಪಕ್ಕಕ್ಕೋ ಹಾಕಬೇಡಿ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಯ ಗೋಡೆಯಿಂದ ದೂರ ಇಡಿ, ನೀರು ಚಿಮುಕಿಸಿ ಕೈಯಲ್ಲಿ ಮುಟ್ಟಿ ತಣ್ಣಗಿದೆ ಅಂತ ಗೊತ್ತಾದ ಮೇಲೆ ತೋಟಕ್ಕೆ ತೆಗೆದುಕೊಂಡು ಹೋಗಿ.